ಗೋಡೆ ಹಿಡಿಯುವ ಭಾನುವಾರ

ಕನ್ನಡಕದಂಗಡಿಯ ಯಜಮಾನರಿಗೇ ಕಣ್ಣು ಕಾಣುವುದಿಲ್ಲ ಎಂಬುದು ಆ ಬೀದಿಯ ಹಳೆಯ ತಮಾಷೆ. ಅದನ್ನು ಮೊದಲು ಹೇಳಿದವರೂ ಯಜಮಾನರೇ. ತಾವೇ ಹೇಳಿ ತಾವೇ ನಕ್ಕುಬಿಟ್ಟರೆ ಉಳಿದವರಿಗೆ ನಗಲು ಏನೂ ಮಿಗುವುದಿಲ್ಲ ಎಂಬ ಲೆಕ್ಕ ಅವರದು. ಪೂರ್ತಿ ಕಾಣುತ್ತಿರಲಿಲ್ಲ ಎಂದೇನಲ್ಲ. ನೋಟದ ನಡುಭಾಗ ಸವೆದುಹೋಗಿ ಅಂಚು ಮಾತ್ರ ಉಳಿದಿತ್ತು. ನೇರ ನೋಡಿದರೆ ಎದುರಿಗಿದ್ದವರ ಮುಖದ ಜಾಗದಲ್ಲಿ ಬೂದು ಬಣ್ಣದ ಕಲೆ. ಕುತ್ತಿಗೆ ಹೊರಳಿಸಿ ಓರೆಗಣ್ಣಲ್ಲಿ ನೋಡಿದರೆ ಒಂದು ಕಿವಿ, ಒಂದು ಭುಜ, ಅಂಗಿಯ ಬಣ್ಣ. ಹಾಗಾಗಿ ಅವರು ಗಿರಾಕಿಯೊಡನೆ ಮಾತಾಡುತ್ತಿದ್ದರೆ ಪಕ್ಕದ ಕಪಾಟಿನೊಡನೆ ಮಾತಾಡಿದಂತೆ ತೋರುತ್ತಿತ್ತು. ಹೊಸಬರು ಒಮ್ಮೆ ಕಪಾಟಿನ ಕಡೆ ತಿರುಗಿ ನೋಡಿಯೇಬಿಡುತ್ತಿದ್ದರು.

ಅಂಗಡಿಯನ್ನು ಈಗ ಮಗ ನಡೆಸುತ್ತಿದ್ದ. ಹಿಂದಿನ ಕೋಣೆಯಲ್ಲಿ ಅವನು ಗಾಜಿನ ಅಂಚು ಉಜ್ಜುತ್ತ ಕೂತರೆ ಮುಂದಿನ ಕೌಂಟರು ಸೊಸೆಯದು. ಡಿಗ್ರಿ ಮುಗಿಸಿದವಳು, ಮಾತು ಕಡಿಮೆ. ಸಡಿಲವಾದ ಸ್ಕ್ರೂ ಬಿಗಿಮಾಡುವುದು, ಮೂಗಿನ ಮೇಲೆ ಕೂರುವ ಪುಟ್ಟ ಮೆತ್ತೆ ಬದಲಿಸುವುದು, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ ಕೂರಿಸುವುದು, ಇವೆಲ್ಲವನ್ನೂ ಅವಳು ಮೂಕಿಯಂತೆ ಮಾಡಿ ಮುಗಿಸುತ್ತಿದ್ದಳು. ನೋಯುತ್ತದೆಯೇ ಎಂದು ಕೇಳುವ ಬದಲು ಗಿರಾಕಿಯ ಹುಬ್ಬು ನೋಡಿ ತಿಳಿದುಕೊಳ್ಳುತ್ತಿದ್ದಳು. ಅತ್ತೆ ಬಂದವರಿಗೆಲ್ಲ ಹೇಳುವುದು ಒಂದೇ ಮಾತು: "ನಮ್ಮ ಸೊಸೆ ಬಾಯಿ ತೆಗೆಯೋದು ಊಟಕ್ಕೆ, ಆಕಳಿಕೆಗೆ, ಇನ್ನು ಮಾವನಿಗೆ ಪೇಪರ್ ಓದೋದಕ್ಕೆ. ಬಾಕಿ ಮಾತೆಲ್ಲ ನನ್ನ ಪಾಲಿಗೆ ಬಿಟ್ಟಿದಾಳೆ, ಪುಣ್ಯವಂತೆ."

ಪೇಪರು ಓದುವುದು ಬೆಳಿಗ್ಗೆ, ಅಂಗಡಿಯ ಶಟರು ಅರ್ಧ ಎತ್ತಿ, ನೆಲ ಒರೆಸಿ, ಒದ್ದೆ ಆರುವ ತನಕ. ಆ ವರ್ಷ ಓದಲು ಬೇಕಾದಷ್ಟಿತ್ತು. ದೇಶಕ್ಕೆ ಹೊಸ ಅಧ್ಯಕ್ಷರು ಆಗಬೇಕು. ಅದಕ್ಕೆ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸಬೇಕು. ಆರಿಸಲು ಹೋಗಿ ಪಕ್ಷವೇ ಕೊಡಲಿ ಬಿದ್ದ ಕೊರಡಿನಂತೆ ಎರಡು ಹೋಳಾಗಿತ್ತು. ಒಂದು ಹೋಳು ಹಳೇ ಮಂತ್ರಿಗಳದು. ಮೂರು ಸರ್ಕಾರ ಕಂಡವರು, ಹಾವೂ ಸಾಯದಂತೆ ಕೋಲೂ ಮುರಿಯದಂತೆ ನಡೆದು ಬಂದವರು, 'ಮೊದಲು ಗೆಲ್ಲೋಣ, ಆಮೇಲೆ ಮಾತಾಡೋಣ' ಎನ್ನುವವರು. ಇನ್ನೊಂದು ಹೋಳು ಬಂದರು ಪಟ್ಟಣದ ಮೇಯರಮ್ಮನದು. ಆಕೆ ಮೊದಲು ಮಾತಾಡುವವಳು. ಗೆಲ್ಲುವುದು ಆಮೇಲಿನ ಮಾತು. ಇಬ್ಬರ ನಡುವೆ ಒಬ್ಬ ಪ್ರೊಫೆಸರೂ ಇದ್ದರು. ಅವರನ್ನು ಎಲ್ಲರೂ ಹೊಗಳುತ್ತಿದ್ದರು, ಹಿಂದೆ ಹೋಗುವವರು ಮಾತ್ರ ಕಡಿಮೆ.

ಮಾವ ಹಳೇ ಮಂತ್ರಿಗಳ ಕಟ್ಟಾಳು. ಮಂತ್ರಿಗಳು ಇನ್ನೂ ಮಂತ್ರಿಯಾಗದೆ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಒಂದು ರಾತ್ರಿ ಇದೇ ಅಂಗಡಿಯ ಮಹಡಿಯಲ್ಲಿ ಮಲಗಿದ್ದರಂತೆ. ಬೆಳಿಗ್ಗೆ ಎದ್ದು ತಾವೇ ಹಾಸಿಗೆ ಮಡಚಿಟ್ಟರಂತೆ. ಆ ಮಡಚಿದ ಹಾಸಿಗೆಯ ಕಥೆಯನ್ನು ಸೊಸೆ ಮದುವೆಯಾದ ವಾರದಲ್ಲೇ ಕೇಳಿದ್ದಳು. ಆಮೇಲೂ ಕೇಳುತ್ತಲೇ ಬಂದಿದ್ದಳು.

"ನಮ್ಮವರದ್ದು ನಿಧಾನವಾಗಿ ಓದು," ಎನ್ನುತ್ತಿದ್ದರು ಮಾವ. "ಆ ಮೇಯರಮ್ಮನದ್ದು ಬೇಕಾದ್ರೆ ಒಂದೇ ಉಸಿರಲ್ಲಿ ಮುಗಿಸಿಬಿಡು."

ಅವಳು ಹಾಗೇ ಓದಲು ನೋಡುತ್ತಿದ್ದಳು. ಆದರೆ ಹಳೇ ಮಂತ್ರಿಗಳ ಭಾಷಣದಲ್ಲಿ ನಿಧಾನಿಸಲು ಜಾಗವೇ ಸಿಗುತ್ತಿರಲಿಲ್ಲ. ಒಂದು ವಾಕ್ಯ ಮುಂದಿನದಕ್ಕೆ ಒರಗಿ, ಅದು ಅದರ ಮುಂದಿನದಕ್ಕೆ ಒರಗಿ, ಕೊನೆಗೆ ಎಲ್ಲವೂ ಸೇರಿ ಮಲಗಿಬಿಡುತ್ತಿದ್ದವು. ಮೇಯರಮ್ಮ ಹೇಳುತ್ತಿದ್ದುದು ಗಿಡ್ಡ ಗಿಡ್ಡ ಮಾತು. ಅವುಗಳಲ್ಲಿ ಒಂದು, ಸರ್ಕಾರಿ ದವಾಖಾನೆಗಳಲ್ಲಿ ಕಣ್ಣಿನ ಪರೀಕ್ಷೆಯನ್ನು ಮತ್ತೆ ತರುತ್ತೇನೆ ಎಂಬುದು. ಅದನ್ನು ತೆಗೆಸಿದ್ದು ಹಳೇ ಮಂತ್ರಿಗಳೇ, ಆರೋಗ್ಯ ಖಾತೆಯಲ್ಲಿದ್ದಾಗ. "ಆವತ್ತಿನ ಪರಿಸ್ಥಿತಿ ಹಾಗಿತ್ತು," ಎಂದು ಮಾವ ಆ ಸುದ್ದಿ ಬಂದಾಗಲೆಲ್ಲ ಕಪಾಟಿಗೆ ಹೇಳುತ್ತಿದ್ದರು.

ಪರೀಕ್ಷೆ ಹೋದ ಮೇಲೆ ಅಂಗಡಿಗೆ ಲುಕ್ಸಾನೇನೂ ಆಗಿರಲಿಲ್ಲ. ಕೌಂಟರಿನ ಮೇಲೊಂದು ತಟ್ಟೆ, ಅದರ ತುಂಬ ಸಿದ್ಧ ಕನ್ನಡಕಗಳು. ಜನ ಬರುತ್ತಾರೆ, ಒಂದೊಂದನ್ನೇ ಮೂಗಿಗೇರಿಸಿ ಕೈಯಲ್ಲಿದ್ದ ಔಷಧಿಯ ಪಟ್ಟಿಯನ್ನೋ ಬಸ್ಸಿನ ಟಿಕೆಟ್ಟನ್ನೋ ಓದಿ ನೋಡುತ್ತಾರೆ, ಅಕ್ಷರ ಮೂಡಿದರೆ ಕೊಂಡು ಹೋಗುತ್ತಾರೆ. ಹಿಂದಿನ ತಿಂಗಳು ಕಚೇರಿಗಳಲ್ಲಿ ನೆಲ ಒರೆಸುವ ಒಬ್ಬ ಹೆಂಗಸು ಹಾಗೆ ಬಂದಿದ್ದಳು. ತಟ್ಟೆಯಲ್ಲಿದ್ದುದನ್ನೆಲ್ಲ ಹಾಕಿ ನೋಡಿ, "ಬಲಗಣ್ಣಿಗೆ ಯಾವುದೂ ಹಿಡೀತಾ ಇಲ್ಲಮ್ಮ, ಇನ್ನೂ ಜಾಸ್ತಿ ಪವರ್ ಇಲ್ವಾ?" ಅಂದಳು. ಸೊಸೆ ಅವಳ ಎಡಗಣ್ಣು ಮುಚ್ಚಿ ಬಲಗಣ್ಣಿನ ಮುಂದೆ ಕೈಯಾಡಿಸಿದಳು. ರೆಪ್ಪೆ ಅಲುಗಲಿಲ್ಲ. ಕಣ್ಣಿನೊಳಗಿನ ಒತ್ತಡ ಅದನ್ನು ತಿಂದು ಎಷ್ಟು ಕಾಲವಾಗಿತ್ತೋ. ಇನ್ನೊಂದಾದರೂ ಉಳಿಯಲಿ ಎಂದು ದೊಡ್ಡಾಸ್ಪತ್ರೆಗೆ ದಾರಿ ಹೇಳಿ ಕಳಿಸುವಾಗ ಸೊಸೆ ಆಡಿದ ಅಷ್ಟು ಮಾತು ಅವಳ ಆ ತಿಂಗಳ ಉಳಿದ ಮಾತೆಲ್ಲ ಸೇರಿದರೂ ಆಗುತ್ತಿರಲಿಲ್ಲ. ಮಾವ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು.

ಆ ಪಕ್ಷದಲ್ಲಿ ಅಭ್ಯರ್ಥಿಯನ್ನು ಆರಿಸುವ ರೀತಿಯೇ ಬೇರೆ. ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಊರೂರಿನ ಶಾಖೆಗಳ ಸದಸ್ಯರು ಒಂದು ಭಾನುವಾರ ಒಂದೇ ಕೋಣೆಯಲ್ಲಿ ಸೇರಿ, ತಮಗೆ ಬೇಕಾದವರ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಗೋಡೆ ಹಿಡಿಯುವುದು ಎಂದೇ ಅದಕ್ಕೆ ಹೆಸರು. ಆಮೇಲೆ ಗೋಡೆಯ ಒಂದು ತುದಿಯಿಂದ ಒಬ್ಬೊಬ್ಬರೂ ತಮ್ಮ ಸಂಖ್ಯೆಯನ್ನು ತಾವೇ ಕೂಗಬೇಕು. ಕೈ ಎತ್ತು ಅಂದರೆ ಒಬ್ಬನೇ ಎರಡೂ ಕೈ ಎತ್ತಬಹುದು. ಚೀಟಿ ಅಂದರೆ ಯಾರದನ್ನೋ ಯಾರೋ ಹಾಕಬಹುದು. ಗಂಟಲು ಮಾತ್ರ ಒಬ್ಬರಿಗೆ ಒಂದೇ ಎಂದು ಪಕ್ಷ ಕಟ್ಟಿದ ಹಿರಿಯರು ಯೋಚಿಸಿದ್ದಿರಬೇಕು. ಕೂಗದವರು ಬಂದೇ ಇಲ್ಲ ಎಂದು ಲೆಕ್ಕ. ಹೆಚ್ಚು ಜನರಿರುವ ಗೋಡೆ ತನ್ನಲ್ಲೊಬ್ಬರನ್ನು ರಾಜಧಾನಿಯ ಮಹಾಸಭೆಗೆ ಪ್ರತಿನಿಧಿಯಾಗಿ ಕಳಿಸುತ್ತದೆ.

ಮಾವ ಒಮ್ಮೆಯೂ ಪ್ರತಿನಿಧಿಯಾಗಿ ಹೋದವರಲ್ಲ. ಒಂದು ಸಲ ಗೆಳೆಯನಿಗೆ ಬಿಟ್ಟುಕೊಟ್ಟರು, ಒಂದು ಸಲ ಹೆಂಡತಿಯ ಆಪರೇಷನ್ನು ಅಡ್ಡ ಬಂತು, ಒಂದು ಸಲ ಅವರ ಗೋಡೆಯೇ ಸೋತಿತು. ಮುಂದಿನ ಸಲದ ಹೊತ್ತಿಗೆ ಕಣ್ಣಿನ ಅಂಚೂ ಉಳಿದಿರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಈ ಸಲ ಮಂತ್ರಿಗಳ ಗೋಡೆಯವರೆಲ್ಲ ಒಕ್ಕೊರಲಿಂದ, ಗೆದ್ದರೆ ಹೋಗುವವರು ನೀವೇ ಎಂದಿದ್ದರು. ಕೋಟು ಹೊಲಿಸಿಯಾಗಿತ್ತು. "ಕಣ್ಣಿಲ್ಲದೋರು ಜೊತೆಗೊಬ್ಬರನ್ನ ಕರ್ಕೊಂಡು ಬರಬಹುದಂತೆ," ಎಂದು ಅವರು ಸೊಸೆಗೆ ಹೇಳಿದ್ದರು. "ನೀನೇ ಬರಬೇಕು. ನಿಮ್ಮತ್ತೆ ಬಂದ್ರೆ ಕಂಡಿದ್ದನ್ನ ಹೇಳಲ್ಲ, ಅವಳಿಗೆ ಅನ್ನಿಸಿದ್ದನ್ನ ಹೇಳ್ತಾಳೆ."

ಗೆಲ್ಲುವುದು ಅಷ್ಟು ಸುಲಭವಿರಲಿಲ್ಲ. ಮೇಯರಮ್ಮನ ಕಡೆಗೆ ಜನ ಸೇರಿಸುತ್ತಿದ್ದವಳು ಬೇರೆ ಯಾರೂ ಅಲ್ಲ, ಮಾವನ ಸ್ವಂತ ಮಗಳು. ಸಿಟಿ ಬಸ್ಸಿನ ಡ್ರೈವರು. ಹಾರನ್ನು ಕೆಟ್ಟ ದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿಯೇ ದಾರಿ ಬಿಡಿಸಿಕೊಂಡವಳು ಎಂದು ಡಿಪೋದಲ್ಲಿ ಖ್ಯಾತಿ. ಅವಳು ಡಿಪೋದಿಂದ ಗೆಳತಿಯರನ್ನು ಸದಸ್ಯರಾಗಿ ಸೇರಿಸಿದಳು. ಸುದ್ದಿ ಕೇಳಿದ ಮಾವ ತಮ್ಮ ಕಡೆಯವರಿಗೆ, ಮನೆಮಂದಿಯನ್ನೆಲ್ಲ ಸೇರಿಸಿ ಎಂದು ಅಪ್ಪಣೆ ಕೊಟ್ಟರು. ತಾವೂ ಸೊಸೆಯನ್ನು ಸೇರಿಸಿದರು.

"ಮಗಳ ಗಂಟಲಿಗೆ ಸೊಸೆ ಗಂಟಲು ವಜಾ," ಎಂದರು. ಸೊಸೆ ಸಹಿ ಹಾಕಿದಳು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಕಾರಣ ಹೇಳಲು ಬಾಯಿ ತೆಗೆಯಬೇಕಾಗುತ್ತಿತ್ತು.

ಶನಿವಾರ ಸಂಜೆ ನಾದಿನಿ ಊಟಕ್ಕೆ ಬಂದಳು. ಅಪ್ಪ ಮಗಳ ನಡುವೆ ಉಪ್ಪಿನ ಡಬ್ಬಿಯೊಂದೇ ಶಾಂತಿಯಿಂದ ಓಡಾಡಿತು.

"ಅಪ್ಪಾ, ನಿಮ್ಮ ಮಂತ್ರಿಗಳು ಹಾಸಿಗೆ ಮಡಚಿದ್ರು, ಒಪ್ಕೊಂಡೆ. ಆಮೇಲೆ ದವಾಖಾನೇಲಿ ಕಣ್ಣಿನ ಪರೀಕ್ಷೇನೂ ಮಡಚಿದ್ರಲ್ಲ?"

"ನಿನ್ನ ಮೇಯರಮ್ಮ ಬಾಯಿ ಬಿಟ್ಟರೆ ಎದುರಾಳಿಗಳಿಗೆ ಹಬ್ಬ. ಸೋತು ಮನೇಲಿ ಕೂತ್ಕೊಂಡು ಪರೀಕ್ಷೆ ತರ್ತಾಳಾ?"

"ನಿಮ್ಮೋರು ಗೆದ್ದೂ ನಿಲ್ಲಿಸಿದ್ರಲ್ಲ! ಅದಕ್ಕಿಂತ ಸೋಲೋದೇ ವಾಸಿ."

"ಕೇಳಿದೆಯೇನೋ, ನಿನ್ನ ತಂಗಿ ಮಾತು?" ಎಂದರು ಮಾವ, ಮಗನ ಎಡಕಿವಿಯ ಕಡೆ ನೋಡುತ್ತ.

ಮಗ ತಟ್ಟೆಯಿಂದ ತಲೆಯೆತ್ತಲಿಲ್ಲ. "ನನ್ನನ್ನ ಬಿಡಿ. ನಾನು ಹೇಗಿದ್ರೂ ನಿಮ್ಮ ಗೋಡೆಗೆ ಹೊಡೆದ ಮೊಳೆ."

"ಈ ಮನೇಲಿ ನಾಳೆವರೆಗೆ ಒಂದೇ ಪಕ್ಷ," ಎಂದು ಅತ್ತೆ ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿದರು. "ತಿನ್ನೋರ ಪಕ್ಷ. ಬೇಡದೋರು ಎದ್ದು ಕೈ ತೊಳ್ಕೊಳ್ಳಿ."

ಪಾತ್ರೆ ತೊಳೆಯುವಾಗ ನಾದಿನಿ ಸೊಸೆಯ ಪಕ್ಕ ಬಂದು ನಿಂತಳು. "ಅತ್ತಿಗೆ, ನಿಮ್ಮನ್ನ ನಾನು ಕೇಳಲ್ಲ. ಕೇಳಿದ್ರೆ ನಿಮಗೇ ಕಷ್ಟ. ಅಪ್ಪನ ಜೊತೆ ದಿನಾ ಇರೋರು ನೀವು." ಒಂದು ತಟ್ಟೆ ಒರೆಸಿ ಇಟ್ಟಳು. "ಆದ್ರೆ ಆ ನೆಲ ಒರೆಸೋ ಹೆಂಗಸಿನ ವಿಷಯ ನನಗೆ ಹೇಳಿದ್ದು ನೀವೇ, ನೆನಪಿರ್ಲಿ." ಕೇಳಲ್ಲ ಎನ್ನುವವರು ಕೇಳುವ ರೀತಿಯೇ ಅದು.

ಮಲಗುವಾಗ ಸೊಸೆ ಗಂಡನಿಗೆ ಹೇಳಿದಳು: "ನನಗೆ ಆ ಗೋಡೆ ಬೇಡ ಅನ್ಸುತ್ತೆ."

ಯಾವ ಗೋಡೆ ಎಂದು ಅವನು ಕೇಳಲಿಲ್ಲ. "ನಿನ್ನಿಷ್ಟ," ಎಂದ. ಅದು ಅವನು ಕೊಡಬಹುದಾದ ದೊಡ್ಡ ಉಡುಗೊರೆ ಎಂದು ಅವಳಿಗೆ ಗೊತ್ತಿತ್ತು. ಅದರಿಂದ ಏನೂ ಉಪಯೋಗವಿಲ್ಲ ಎಂದೂ ಗೊತ್ತಿತ್ತು.

ಶಾಖೆಯ ಸಭೆ ನಡೆಯುವುದು ಒಂದು ಹಳೆಯ ವಾಚನಾಲಯದ ಮೇಲಂತಸ್ತಿನಲ್ಲಿ. ಕಡಿದಾದ ಮೆಟ್ಟಿಲು; ಮಾವ ಸೊಸೆಯ ಭುಜದ ಮೇಲೆ ಕೈಯಿಟ್ಟು ಹತ್ತಿದರು. ಒಂದು ಬದಿಯಲ್ಲಿ ಪುಸ್ತಕದ ಬೀರುಗಳು, ಎದುರು ಬದಿಯಲ್ಲಿ ಎರಡು ಬಾಗಿಲು, ಅಡ್ಡಕ್ಕೆ ಒಂದು ಉದ್ದ ಕಿಟಕಿ. ಬೀರುಗೋಡೆ ಹಳೇ ಮಂತ್ರಿಗಳದು, ಬಾಗಿಲುಗೋಡೆ ಮೇಯರಮ್ಮನದು, ಕಿಟಕಿ ಪ್ರೊಫೆಸರದು. ನಡುವೆ ಮೇಜು ಹಾಕಿಕೊಂಡು ಶಾಖೆಯ ಅಧ್ಯಕ್ಷೆ ಕೂತಿದ್ದರು. ಶಾಲೆಯ ಹೆಡ್ ಮಿಸ್ಸಾಗಿ ನಿವೃತ್ತರಾದವರು. ಊರಿನ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ ಆದ್ದರಿಂದ ಎಲ್ಲರಿಗೂ ಈಗಲೂ ಹೆಡ್ ಮಿಸ್ಸೇ. ಅಧ್ಯಕ್ಷೆ ಯಾವ ಗೋಡೆಯನ್ನೂ ಹಿಡಿಯುವಂತಿಲ್ಲ. ಎರಡು ಗೋಡೆ ಸಮ ಬಂದರೆ ಮಾತ್ರ ಅವರ ಮಾತು ನಡೆಯುತ್ತದೆ. ಅವರ ಮಾತು ಯಾವ ಕಡೆಗೆ ಎಂಬುದು ಗುಟ್ಟೇನಲ್ಲ. ಮಂತ್ರಿಗಳ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿಕೊಟ್ಟವರೇ ಅವರು.

"ಗೋಡೆ ಹಿಡೀರಿ!" ಎಂದರು ಹೆಡ್ ಮಿಸ್ಸು. "ಮಾತಿಲ್ಲದೆ!"

ಮಾತಿನ ಜೊತೆಗೇ ಜನ ಎದ್ದರು. ಮಾವ ಬೀರುಗೋಡೆಯ ಮೊದಲ ಜಾಗಕ್ಕೆ ಹೋದರು, ಅವರ ಮಗ ಪಕ್ಕದಲ್ಲಿ ಮೊಳೆಯಂತೆ ನಿಂತ. ನಾದಿನಿ ಬಾಗಿಲುಗೋಡೆಯಲ್ಲಿ ಡಿಪೋದವರನ್ನು ಸಾಲು ಮಾಡಿಸುತ್ತಿದ್ದಳು, "ಒಳಗೆ ಹೋಗಿ, ಒಳಗೆ, ಹಿಂದೆ ಜಾಗ ಇದೆ," ಎನ್ನುತ್ತ. ಸೊಸೆ ಕೋಣೆಯ ನಡುವೆ ನಿಂತಳು. ಒಂದು ಕ್ಷಣ ಅವಳಿಗೆ ಇಡೀ ಕೋಣೆ ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ. ಅವಳು ಸರಸರನೆ ಹೋಗಿ ಕಿಟಕಿಯ ಹತ್ತಿರ ನಿಂತುಬಿಟ್ಟಳು.

ಕಿಟಕಿಯಲ್ಲಿ ಹಿತವಾಗಿತ್ತು. ಹಲ್ಲಿನ ಡಾಕ್ಟರು, ಅವರ ಹೆಂಡತಿ, ಹೂವಿನ ಅಂಗಡಿಯವರು, ಇನ್ನೂ ಕೆಲವರು. ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿ. "ಬನ್ನಿ ಬನ್ನಿ," ಎಂದು ಹಲ್ಲಿನ ಡಾಕ್ಟರು ಮೆಲ್ಲಗೆ ಜಾಗ ಮಾಡಿಕೊಟ್ಟರು. "ಇಲ್ಲಿ ಗಾಳಿ ಚೆನ್ನಾಗಿದೆ, ಜಗಳ ಇಲ್ಲ."

ಎಣಿಕೆ ನಡೆಯಿತು. ಬೀರುಗೋಡೆಯಲ್ಲಿ ಇಪ್ಪತ್ತೇಳು. ಬಾಗಿಲುಗೋಡೆಯಲ್ಲಿ ಇಪ್ಪತ್ತೈದು. ಕಿಟಕಿಯಲ್ಲಿ ಸೊಸೆ ತುಟಿಯೊಳಗೇ ತನ್ನ ಸಂಖ್ಯೆ ಹೇಳಿಕೊಂಡಳು. ಬೀದಿಯಲ್ಲಿ ಲಾರಿಯೊಂದು ಹೋಗುತ್ತಿತ್ತು. ಹಲ್ಲಿನ ಡಾಕ್ಟರು ಅವಳ ಪರವಾಗಿ ತಲೆಯಾಡಿಸಿದರು. ಒಟ್ಟು ಒಂಬತ್ತು ಎಂದು ಹೆಡ್ ಮಿಸ್ಸು ಬರೆದುಕೊಂಡರು.

"ಹತ್ತು ಜನ ಇಲ್ಲದ ಗುಂಪು ನಿಲ್ಲೋ ಹಾಗಿಲ್ಲ," ಎಂದರು. "ಕಿಟಕಿಯೋರು ಬಿಡಿಸ್ಕೊಂಡು ಎರಡರಲ್ಲಿ ಒಂದು ಗೋಡೆಗೆ ಹೋಗಿ. ಹೋಗೋಕೆ ಮುಂಚೆ ಯಾರು ಬೇಕಾದ್ರೂ ಬಂದು ಅವರ ಜೊತೆ ಮಾತಾಡಬಹುದು. ಎಳೆದಾಡೋ ಹಾಗಿಲ್ಲ. ಕಳೆದ ಸಲ ಒಬ್ಬರ ತೋಳು ಉಳುಕಿತ್ತು."

ಎರಡೂ ಗೋಡೆಗಳು ಕಿಟಕಿಯ ಮೇಲೆ ಬಿದ್ದವು. ಹೂವಿನ ಅಂಗಡಿಯವರನ್ನು ಮೂವರು ಸುತ್ತಿಕೊಂಡರು. ಹಲ್ಲಿನ ಡಾಕ್ಟರ ಹೆಂಡತಿ, "ಪರೀಕ್ಷೆ ಇಲ್ದೇ ನಮ್ಮಮ್ಮನ ಕಣ್ಣೂ ಹೋಯ್ತಲ್ಲ, ನಾನಂತೂ ಬಾಗಿಲಿಗೆ," ಎಂದು ಹೊರಟುಬಿಟ್ಟರು. ಡಾಕ್ಟರು, "ನಿಲ್ಲೇ, ಯೋಚನೆ ಮಾಡೋಣ," ಎನ್ನುತ್ತ ಹಿಂದೆಯೇ ಹೋದರು. ಯೋಚನೆ ಆ ಕಡೆಗೇ ಮುಗಿಯಿತು. ಮೂವರು ಬೀರುಗಳ ಕಡೆ ನಡೆದರು, ಮೂವರು ಬಾಗಿಲುಗಳ ಕಡೆ. ಕಿಟಕಿ ಬರಿದಾಗುತ್ತ ಬಂತು.

ಮಾವ ಯಾರನ್ನೂ ಕರೆಯಲು ಬರಲಿಲ್ಲ. ತಮ್ಮ ಜಾಗದಲ್ಲೇ ನಿಂತು ಕುತ್ತಿಗೆ ಹೊರಳಿಸಿ ಕೋಣೆಯನ್ನು ಓರೆಯಾಗಿ ನೋಡುತ್ತಿದ್ದರು. ಅವರಿಗೆ ಕಾಣುತ್ತಿದ್ದುದು ಬಣ್ಣಗಳು ಅತ್ತಿತ್ತ ಸರಿಯುವುದಷ್ಟೇ. ಸೊಸೆ ತಮ್ಮ ಸಾಲಿನಲ್ಲೇ ಎಲ್ಲೋ ಹಿಂದಿದ್ದಾಳೆ, ಯಾವುದೋ ಸಂಖ್ಯೆಯನ್ನು ಸಣ್ಣಗೆ ಹೇಳಿ ಮುಗಿಸಿದ್ದಾಳೆ ಎಂದು ಅವರು ತಿಳಿದಿದ್ದಾರೆ ಎಂಬುದು ಅವಳಿಗೆ ಆಗ ಹೊಳೆಯಿತು. ಇದ್ದಕ್ಕಿದ್ದಂತೆ ಎಲ್ಲ ಸುಲಭವಾಗಿ ಕಂಡಿತು. ಬಾಗಿಲುಗೋಡೆಗೆ ಹೋಗಿ ನಿಂತರೂ ಅವರಿಗೆ ತಿಳಿಯುವುದಿಲ್ಲ. ಕಂಡವರು ಹೇಳಬಹುದು, ಹೇಳದೆಯೂ ಇರಬಹುದು. ಅವಳ ಮನಸ್ಸು ಅವಳ ಹತ್ತಿರ, ಅವರ ಮರ್ಯಾದೆ ಅವರ ಹತ್ತಿರ.

ಅವಳು ಬಾಗಿಲುಗೋಡೆಗೆ ನಡೆದಳು. ಕೊನೆಯ ಜಾಗ, ಹಲ್ಲಿನ ಡಾಕ್ಟರ ಪಕ್ಕ. ಸಾಲಿನ ಆ ತುದಿಯಿಂದ ನಾದಿನಿ ನೋಡಿದಳು. ಅವಳ ಕಣ್ಣು ದೊಡ್ಡದಾಯಿತು. ಆಶ್ಚರ್ಯವೆಂದರೆ ಅವಳೂ ಸುಮ್ಮನಿದ್ದಳು.

ಮತ್ತೆ ಎಣಿಕೆ. ಬೀರುಗೋಡೆಯವರು ಮೊದಲು. "ಒಂದು!" ಎಂದ ಮಾವನ ದನಿಯಲ್ಲಿ ಹೊಸ ಕೋಟಿನ ಗತ್ತಿತ್ತು. "ಎರಡು" ಎಂದ ಮಗ. ಸಾಲು ಮೂವತ್ತಕ್ಕೆ ನಿಂತಿತು. ಆ ಕಡೆ ಒಂದು ಸಣ್ಣ ಚಪ್ಪಾಳೆ ಎದ್ದು, ಹೆಡ್ ಮಿಸ್ಸಿನ ನೋಟಕ್ಕೆ ಅಡಗಿತು.

ಬಾಗಿಲುಗೋಡೆ. "ಒಂದು!" ನಾದಿನಿಯ ಕೂಗಿಗೆ ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಎರಡು, ಮೂರು, ನಾಲ್ಕು ಎನ್ನುತ್ತ ಸಂಖ್ಯೆ ಕೈಯಿಂದ ಕೈಗೆ ದಾಟುವ ಬಕೆಟ್ಟಿನಂತೆ ಅವಳ ಕಡೆಗೆ ಬರತೊಡಗಿತು. ಸೊಸೆ ಲೆಕ್ಕ ಹಾಕಲಿಲ್ಲ. ತನ್ನ ಸರದಿ ಬಂದಾಗ ತುಟಿಯೊಳಗೇ ಹೇಳಿಬಿಟ್ಟರಾಯಿತು, ಈ ಸಲವೂ ಯಾವುದಾದರೂ ಲಾರಿ ಬಂದೀತು ಎಂದುಕೊಂಡಳು.

"ಮೂವತ್ತು," ಎಂದರು ಹಲ್ಲಿನ ಡಾಕ್ಟರು.

ಲಾರಿ ಬರಲಿಲ್ಲ. ಕೋಣೆಯಲ್ಲಿ ಯಾರೋ ಉಸಿರೆಳೆದುಕೊಂಡಿದ್ದು ಕೇಳಿಸಿತು. ಆ ಕಡೆ ಮೂವತ್ತು, ಈ ಕಡೆ ಮೂವತ್ತು, ಮೇಜಿನ ಹಿಂದೆ ಮಂತ್ರಿಗಳ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿದ ಹೆಡ್ ಮಿಸ್ಸು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು; ಅವಳು ಬಂದೇ ಇಲ್ಲ. ಮಾವ ರಾಜಧಾನಿಗೆ ಹೋಗುತ್ತಾರೆ, ಅವಳೂ ಹೋಗುತ್ತಾಳೆ. ಅವಳು ಯಾವ ಗೋಡೆಗೆ ನಿಂತಿದ್ದಳು ಎಂಬುದು ಬರೇ ನಿಂತಿದ್ದ ವಿಷಯವಾಗಿ ಉಳಿಯುತ್ತದೆ. ಬೀರುಗೋಡೆಯಿಂದ ಗಂಡ ನೋಡುತ್ತಿದ್ದ. ನಿನ್ನಿಷ್ಟ ಎನ್ನುವ ಮುಖವೇ.

"ಕೊನೇಲಿರೋರು?" ಎಂದರು ಹೆಡ್ ಮಿಸ್ಸು. "ಇದೀರೋ, ಇಲ್ವೋ?"

"ಮೂವತ್ತೊಂದು," ಎಂದಳು ಅವಳು. ದನಿ ಹಲ್ಲಿನ ಡಾಕ್ಟರ ತೋಳಿನವರೆಗೆ ಹೋಗಿ ಬಿದ್ದುಹೋಯಿತು.

"ಕೇಳಿಸ್ಲಿಲ್ಲ."

ಕೈಬೆರಳುಗಳು ಹಿಂದಿನ ಗೋಡೆಯ ಸುಣ್ಣವನ್ನು ಒತ್ತಿದವು. ಎದುರಿನ ಸಾಲಿನ ಮೊದಲ ಜಾಗದಲ್ಲಿ ಮಾವ ಕುತ್ತಿಗೆ ಹೊರಳಿಸಿರಲಿಲ್ಲ. ಕಾಣುವ ಆಸೆ ಬಿಟ್ಟು ಕಿವಿಯನ್ನಷ್ಟೇ ಕೊಡುವವರಂತೆ ತಲೆ ತಗ್ಗಿಸಿದ್ದರು.

"ಮೂವತ್ತೊಂದು!"

ಅಷ್ಟು ಜೋರು ಬೇಕಿರಲಿಲ್ಲ. ಮೇಜಿನ ಮೇಲಿನ ಲೋಟ ಅಲುಗಿತೇನೋ ಎಂದು ಆಮೇಲೆ ನಾದಿನಿ ಹೇಳಿದಳು. ಅದು ಡಿಪೋದ ಉತ್ಪ್ರೇಕ್ಷೆ. ಆದರೆ ಮಾವನ ತಲೆ ಥಟ್ಟನೆ ಎದ್ದಿತು. ಅವರು ನೇರವಾಗಿ, ಮುಖಕ್ಕೆ ಮುಖ ಕೊಟ್ಟು, ಅವಳ ಕಡೆ ನೋಡಿದರು. ಹಾಗೆ ನೋಡಿದರೆ ಅವರಿಗೆ ಏನೂ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬಾಗಿಲುಗೋಡೆ ಕೇಕೆ ಹಾಕಿತು. ಹೆಡ್ ಮಿಸ್ಸು ಪೆನ್ನಿಗೆ ಮುಚ್ಚಳ ಹಾಕಿದರು. ಅವರ ಮುಖ ಹುಳಿ ಕಚ್ಚಿದಂತಿದ್ದರೂ ದನಿ ಎಂದಿನಂತೆಯೇ ಇತ್ತು. "ಬಾಗಿಲುಗೋಡೆ ಗೆದ್ದಿದೆ. ಸೋತ ಗೋಡೆಯ ಹಿರಿಯರು ಬಂದು ಕೂಡ್ಕೊಳ್ಳಿ."

ಅದೂ ಒಂದು ಪದ್ಧತಿ. ಸೋತವರ ಸಾಲಿನ ಮೊದಲನೆಯವರು ಕೋಣೆ ದಾಟಿ ಬಂದು ಗೆದ್ದವರ ಸಾಲಿನ ಕೊನೆಯಲ್ಲಿ ನಿಂತು ಮುಂದಿನ ಸಂಖ್ಯೆ ಕೂಗಬೇಕು. ಅಲ್ಲಿಗೆ ಶಾಖೆ ಮತ್ತೆ ಒಂದಾಯಿತು ಎಂದು ಲೆಕ್ಕ. ಬೇರೆ ಊರುಗಳಲ್ಲಿ ಆ ವರ್ಷ ಹಲವರು ಕೂಡಿಕೊಳ್ಳದೆ ಮೆಟ್ಟಿಲಿಳಿದು ಹೋಗಿದ್ದರು, ಪೇಪರಿನಲ್ಲಿ ಬಂದಿತ್ತು.

ಮಾವ ಕದಲಲಿಲ್ಲ. ಮಗ ತೋಳು ಹಿಡಿಯಲು ಹೋದ, ಕೊಡವಿದರು. ಕೇಕೆ ತಾನಾಗಿ ತಣ್ಣಗಾಯಿತು. ಆಮೇಲೆ ಅವರೇ ಹೊರಟರು, ಒಂದು ಕೈ ಮುಂದೆ ಚಾಚಿ. ಕುರ್ಚಿಯೊಂದಕ್ಕೆ ಮೊಣಕಾಲು ತಗುಲಿತು. ಕೋಣೆಯ ನಡುವೆ ನಿಂತರು. ಸಾಲಿನ ತುದಿ ಯಾವ ಕಡೆಗೆ ಎಂದು ತಿಳಿಯದೆ ನಿಂತರು ಎಂದು ಎಲ್ಲರಿಗೂ ಅರ್ಥವಾಯಿತು. ಯಾರು ಹೇಳಬೇಕು ಎಂಬುದು ಮಾತ್ರ ಯಾರಿಗೂ ಅರ್ಥವಾಗಲಿಲ್ಲ.

"ಮೂವತ್ತೊಂದು ಇಲ್ಲಿದೆ, ಮಾವ," ಎಂದಳು ಸೊಸೆ.

ದನಿಯ ಕಡೆಗೆ ತಿರುಗಿ ಬಂದರು. ಅವಳ ಪಕ್ಕದಲ್ಲಿ ಗೋಡೆಯನ್ನು ತಡವಿ ನೋಡಿ ಬೆನ್ನು ಕೊಟ್ಟು ನಿಂತರು. "ಮೂವತ್ತೆರಡು," ಎಂದರು. ಗತ್ತು ಇರಲಿಲ್ಲ, ಆದರೆ ದನಿ ಒಡೆಯಲೂ ಇಲ್ಲ. ಎರಡೂ ಗೋಡೆಗಳು ಚಪ್ಪಾಳೆ ತಟ್ಟಿದವು. ಪ್ರತಿನಿಧಿಯ ಹೆಸರು ಹೇಳಿ ಎಂದು ಹೆಡ್ ಮಿಸ್ಸು ಕೇಳಿದಾಗ ಡಿಪೋದವರು ನಾದಿನಿಯ ಹೆಸರನ್ನು ಕೂಗತೊಡಗಿದರು. ಮಾವ, "ನಡಿ, ಮನೆಗೆ ಹೋಗೋಣ," ಎಂದರು. ಯಾರಿಗೆ ಹೇಳಿದರು ಎಂದು ಅವಳು ಕೇಳಲಿಲ್ಲ.

ಮೆಟ್ಟಿಲ ತುದಿಯಲ್ಲಿ ಒಂದು ಗಳಿಗೆ ಕಂಬಿ ಹಿಡಿದು ನೋಡಿದರು. ಮೆಟ್ಟಿಲು ಕಡಿದು; ಸಿಟ್ಟಿಗೆ ಮೆಟ್ಟಿಲು ಕಾಣುವುದಿಲ್ಲವಲ್ಲ. ಕೈ ಅವಳ ಭುಜಕ್ಕೆ ಬಂತು. ಎಂದಿಗಿಂತ ಭಾರವಾಗಿತ್ತು.

ಬೀದಿಯಲ್ಲಿ ಭಾನುವಾರದ ಶಟರುಗಳೆಲ್ಲ ಇಳಿದಿದ್ದವು. ಇಬ್ಬರೂ ತಿರುವು ದಾಟಿದರು.

"ನನಗೆ ಗೊತ್ತಿತ್ತು," ಎಂದರು ಮಾವ.

"ಏನು?"

"ನಿನ್ನ ಮನಸ್ಸು ಯಾವ ಕಡೆಗೆ ಅಂತ. ದಿನಾ ಓದಿಸ್ಕೊಳ್ಳೋನು ನಾನು. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ." ಕೆಲವು ಹೆಜ್ಜೆ ನಡೆದರು. "ಗೊತ್ತಿದ್ದೂ ಸೇರಿಸ್ದೆ. ಇವಳು ಬಾಯಿ ಬಿಡಲ್ಲ, ನಿಲ್ಲಿಸಿದ ಕಡೆ ನಿಲ್ತಾಳೆ ಅಂತ. ನಿನಗೆ ಬಾಯಿಲ್ಲ ಅಂತ ಲೆಕ್ಕ ಹಾಕ್ಕೊಂಡೇ ಸೇರಿಸಿದ್ದು."

ಎದುರಿನಿಂದ ಸೈಕಲ್ಲೊಂದು ಬಂತು. ಅವಳು ಅವರನ್ನು ಬದಿಗೆ ಸರಿಸಿದಳು, ಸೈಕಲ್ಲು ಹೋದ ಮೇಲೆ ಮತ್ತೆ ನಡೆದಳು.

"ನಾನೂ ಹಾಗೇ ಅಂದ್ಕೊಂಡಿದ್ದೆ, ಮಾವ," ಎಂದಳು.

ಅವರ ಮೂಗಿನಿಂದ ಒಂದು ಸದ್ದು ಬಂತು. ನಗುವೋ, ಸಿಟ್ಟೋ, ಅವರಿಗೇ ಗೊತ್ತಿತ್ತೋ ಇಲ್ಲವೋ. "ಆ ಕೋಟನ್ನ ಏನು ಮಾಡಲಿ ಈಗ?" ಎಂದರು. ಅವಳು ಕ್ಷಮಿಸಿ ಎನ್ನಲು ಬಾಯಿ ತೆಗೆದಳು, ತಪ್ಪು ಮಾಡಿದ್ದೇನೆ ಎಂದು ಅನ್ನಿಸಲಿಲ್ಲ, ಮುಚ್ಚಿದಳು. ಅವರಿಗೆ ನೋವಾಗಿದೆ, ಅದು ಇವತ್ತಿಗೆ ಮುಗಿಯುವ ನೋವಲ್ಲ ಎಂದಷ್ಟೇ ತಿಳಿದಿತ್ತು. ಭುಜದ ಮೇಲಿನ ಕೈ ಹಾಗೇ ಇತ್ತು.

ಅತ್ತೆ ಕದ ತೆರೆದು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಏನಾಯ್ತು? ಯಾರು ಗೆದ್ದರು? ಇಬ್ಬರೂ ಹೀಗೆ ಕಂಬದ ಹಾಗೆ ನಿಂತ್ರೆ ನಾನೇನು ತಿಳ್ಕೊಳ್ಳಲಿ?"

ಅವಳು ಮಾವ ಹೇಳಲಿ ಎಂದು ಕಾದಳು. ಮಾವ ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟನ್ನು ಹಿಡಿದು ಒಳಗೆ ದಾಟಿದರು.

"ನಿನ್ನ ಸೊಸೇನ ಕೇಳು," ಎಂದರು. "ಜೋರಾಗಿ ಹೇಳ್ತಾಳೆ."

ಅವಳು ಹೇಳಿದಳು.